ಕುಂಕುಮ ತಾಳುವ ಡಬ್ಬಿ

ರಾಣೆಬೆನ್ನೂರಿನ ಸಿಂಪಿಗರ ಓಣಿಯಲ್ಲಿ ನಲಿನಿಯ ಮಾತು ಬಂದರೆ ಹೆಂಗಸರು ಮೊದಲು ಎತ್ತುತ್ತಿದ್ದುದು ಆಕೆಯ ಚೀಲದ ಮಾತನ್ನು.

“ಮಂದಿ ಚೀಲದಾಗ ಕಾಯಿಪಲ್ಯಾ ಇರ್ತಾವ. ವೆಂಕೂಬಾಯಿ ಮಗಳ ಚೀಲದಾಗ ಆಟ ಇರ್ತಾವ ನೋಡ್ರಿ,” ಎನ್ನುತ್ತಿದ್ದಳು ಎದುರುಮನೆಯ ಮಂಗಳವ್ವ.

“ಗಂಡನ ಮನಿ ಬಿಟ್ಟು ಬಂದಾಕಿಗೆ ಇದೊಂದು ಕಡಿಮಿ ಆಗಿತ್ತು,” ಎಂದು ನಳದ ಬಳಿ ಕೊಡ ಇಟ್ಟುಕೊಂಡ ಇನ್ನೊಬ್ಬಾಕೆ ದನಿಗೂಡಿಸುತ್ತಿದ್ದಳು. ಹಾಗೆ ಅಂದವರೇ ಸಾಲಿಗೆ ಸೂಟಿ ಬಿಟ್ಟಿತೆಂದರೆ ಮಕ್ಕಳನ್ನು ಮುಂದಕ್ಕೆ ತಳ್ಳಿಕೊಂಡು ಬಂದು, “ನಲಿನಕ್ಕಾ, ಇವನ್ನೂ ಒಂದೀಟು ಕರಕೊಂಡು ಹೋಗವಾ, ಮನ್ಯಾಗ ತಲಿ ತಿನ್ನಾಕತ್ತಾನ” ಎಂದು ರಾಗ ಎಳೆಯುತ್ತಿದ್ದರು. ಬಾಯಿ ಅನ್ನುವುದು ಒಂದೇ ಇದ್ದರೂ ಅದಕ್ಕೆ ಊರಿಗೊಂದು ಮಾತು, ಮನೆಗೊಂದು ಮಾತು.

ಚೀಲದಲ್ಲಿ ಇರುತ್ತಿದ್ದುದು ಫ್ಲಾಪಿಗಳು. ಅಂಗೈಯಗಲದ ಕರಿ ಚೌಕ, ಒಂದು ಅಂಚಿಗೆ ತಗಡಿನ ಸಣ್ಣ ಬಾಗಿಲು. ತೊಂಬತ್ತೇಳನೆಯ ಇಸವಿಯ ಕಾಲ ಅದು. ಹಾವೇರಿ ಆಗಷ್ಟೇ ಜಿಲ್ಲೆಯಾಗಿತ್ತು. ಕಚೇರಿಗಳಿಗೆ ಬೋರ್ಡು ಬೀಳುತ್ತಿದ್ದವು, ಟೈಪಿಂಗ್ ಕ್ಲಾಸಿನವರೆಲ್ಲ ಗೋಡೆಯ ಮೇಲೆ ‘ಕಂಪ್ಯೂಟರ್’ ಎಂದು ಬರೆಸುತ್ತಿದ್ದರು. ಗಂಡನ ಮನೆಯಿಂದ ಒಂದು ಟ್ರಂಕಿನೊಂದಿಗೆ ವಾಪಸು ಬಂದ ನಲಿನಿ ಮೊದಲು ಟೈಪಿಂಗ್ ಕಲಿತಳು, ಕಲಿಸಿದಳು, ಆಮೇಲೆ ಕಂಪ್ಯೂಟರಿಗೆ ಕೈ ಹಚ್ಚಿದಳು. ಸಂಜೆ ಮನೆಗೆ ಬಂದರೆ ತಮ್ಮ ಕೃಷ್ಣಾಜಿಯ ಹೊಲಿಗೆ ಅಂಗಡಿಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಚ್ಚುವುದು. ಉಣ್ಣುವ ಅನ್ನಕ್ಕೆ ಆಕೆ ಹಾಗೆ ಲೆಕ್ಕ ಮುಟ್ಟಿಸುತ್ತಿದ್ದಳು. ಯಾರೂ ಕೇಳಿರಲಿಲ್ಲ. ಯಾರೂ ಬೇಡ ಅಂದಿರಲೂ ಇಲ್ಲ.

ಮಕ್ಕಳಿಗೆ ಆಟ ಆಡಿಸುತ್ತ ಕಂಪ್ಯೂಟರಿನ ಹೆದರಿಕೆ ಬಿಡಿಸುವ ಉಪಾಯ ಆಕೆಯದೇ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ, ಮೂರೂ ಊರಿನ ಕ್ಲಾಸಿನವರು ಸೂಟಿಯ ದಿನ ಯಂತ್ರ ಬಿಟ್ಟುಕೊಡಲು ಒಪ್ಪಿದ್ದರು. ಆದರೆ ಒಂದು ಕರಾರು. ಹಾವೇರಿಯ ಕ್ಲಾಸಿನ ಮಾಲೀಕ ಪ್ರಭಾಕರ ಅದನ್ನು ಬೆರಳೆತ್ತಿ ಹೇಳಿದ್ದ: “ಬಾಯಾರ, ಆಟ ಆಡಸ್ರಿ, ನನ್ನ ತಕರಾರಿಲ್ಲ. ಆದ್ರ ನೀವು ಎದ್ದು ಹೋದಮ್ಯಾಲ ನನ್ನ ಮಷೀನಿನ್ಯಾಗ ಆಟದ್ದೊಂದು ಎಳೀನೂ ಉಳೀಬಾರದು. ವೈರಸ್ ಹೊಕ್ಕರ ನನ್ನ ಅಂಗಡಿ ಮುಚ್ಚತದ.”

ಹೀಗಾಗಿ ಆಕೆಯ ಆಟಗಳಿಗೆ ಸ್ವಂತ ಮನೆ ಇರಲಿಲ್ಲ. ದೊಡ್ಡ ಆಟವೆಂದರೆ ಏಳೆಂಟು ಫ್ಲಾಪಿ. ಒಂದಾದ ಮೇಲೊಂದು ತೂರಿಸಿ ಯಂತ್ರಕ್ಕೆ ಉಣ್ಣಿಸಬೇಕು, ಸಂಜೆ ಎಲ್ಲ ಕಕ್ಕಿಸಿ ಅಳಿಸಿ ಬರಬೇಕು. ನಡುವೆ ಒಂದು ಫ್ಲಾಪಿ ಮುನಿಸಿಕೊಂಡರೆ ಉಳಿದವೆಲ್ಲ ದಂಡ. ಸೀಡಿ ಹಾಕುವ ಖಾನೆ ಆ ಮೂರೂ ಕಡೆ ಯಂತ್ರಗಳಿಗೆ ಇರಲಿಲ್ಲ.

ಅದೇ ಪ್ರಭಾಕರ ಮಹಾನವಮಿಗೆ ವಾರವಿದ್ದಾಗ ಇನ್ನೊಂದು ಮಾತು ಹೇಳಿದ. ದಸರಾ ಸೂಟಿಯ ಆಟದ ಕ್ಲಾಸು ತಕರಾರಿಲ್ಲದೆ ಮುಗಿದರೆ ಹಾವೇರಿಯಲ್ಲಿ ಮಕ್ಕಳ ಕ್ಲಾಸನ್ನು ಪೂರಾ ಆಕೆಗೇ ಬಿಟ್ಟುಕೊಡುತ್ತಾನೆ, ಕ್ಲಾಸಿನ ಹಿಂದಿರುವ ಖೋಲಿಯನ್ನೂ. ಕಿಟಕಿ ಇದೆ, ನಳ ಇದೆ, ಒಳಗಿನಿಂದ ಹಾಕಿಕೊಳ್ಳಲು ಚಿಲಕ ಇದೆ. ಬಸ್ಸಿನಲ್ಲಿ ವಾಪಸು ಬರುವಾಗ ನಲಿನಿಯ ಕಣ್ಣ ಮುಂದೆ ಆ ಚಿಲಕವೇ ಕುಣಿಯುತ್ತಿತ್ತು. ತಮ್ಮನ ಮನೆಯಲ್ಲಿ ಆಕೆ ಮಲಗುತ್ತಿದ್ದುದು ಹೊಲಿಗೆ ಮಷೀನಿನ ಪಕ್ಕ, ಬಟ್ಟೆಯ ಗಂಟುಗಳ ನಡುವೆ.

ಮಹಾನವಮಿಯ ದಿನ ಖಂಡೇ ಪೂಜೆ. ದುಡಿಯುವ ಹತಾರಗಳಿಗೆಲ್ಲ ಅಂದು ಬಿಡುವು, ಅಂದು ಮರ್ಯಾದೆ. ನಲಿನಿ ನಸುಕಿನಲ್ಲೇ ಬ್ಯಾಡಗಿಗೆ ಹೋಗಿದ್ದಳು, ಕ್ಲಾಸಿನವರ ಪೂಜೆಗೆ ಕರೆ ಬಂದಿತ್ತೆಂದು. ಮಧ್ಯಾಹ್ನ ಮನೆಗೆ ಬಂದು ನೋಡುತ್ತಾಳೆ: ಹೊಲಿಗೆ ಮಷೀನಿಗೆ ಚೆಂಡುಹೂವಿನ ಸರ, ಅದರ ಮುಂದೆ ಮಣೆಯ ಮೇಲೆ ಅಪ್ಪನ ಕಾಲದ ದೊಡ್ಡ ಕತ್ತರಿ, ಗಜಕಡ್ಡಿ, ಇಸ್ತ್ರಿ ಪೆಟ್ಟಿಗೆ. ಕತ್ತರಿಯ ಪಕ್ಕಕ್ಕೆ ಸಾಲಾಗಿ ಆಕೆಯ ಫ್ಲಾಪಿಗಳು. ಒಂದೊಂದರ ತಗಡಿನ ಬಾಗಿಲನ್ನೂ ಸರಿಸಿ, ಕಡ್ಡಿ ಚುಚ್ಚಿ ನಿಲ್ಲಿಸಿ, ಬೆರಳು ತಾಗಿದರೂ ಕೆಡುವ ಒಳಗಿನ ನುಣುಪು ಮೈಗೆ ಅರಿಷಿಣ ನೀರು ಚಿಮುಕಿಸಿ ಕುಂಕುಮ ಹಚ್ಚಲಾಗಿತ್ತು. ಮೇಲೆ ಅಕ್ಷತೆ.

“ಅವ್ವಾ…” ಎಂದಳು ನಲಿನಿ.

ವೆಂಕೂಬಾಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಕ್ಕಳು. “ಬಾಗಲಾ ತಗ್ಯಾಕ ಭಾಳ ಬಿಗಿ ಇದ್ವು ನೋಡು. ಒಂದೊಂದಾಗಿ ತಗದೆ. ಬಾಗಲಾ ಮುಚ್ಚಿ ಯಾರರೆ ಪೂಜಿ ಮಾಡ್ತಾರೇನು?”

ನಲಿನಿ ತಾಯಿಯ ಮುಖವನ್ನೇ ನೋಡಿದಳು. ಈ ಅವ್ವ ಇಷ್ಟು ವರ್ಷ ಆ ಫ್ಲಾಪಿಗಳನ್ನು ‘ಹಾಳಾದ ಬಿಲ್ಲೆ’ ಎಂದೇ ಕರೆದವಳು. ನೆಂಟರು ಬಂದು, ಮಗಳು ಏನು ಮಾಡುತ್ತಾಳೆ ಎಂದು ಕೇಳಿದರೆ ‘ಗುಂಡಿ ಹಚ್ಚತಾಳ’ ಎಂದಷ್ಟೇ ಹೇಳಿದವಳು. ಇವತ್ತು ಅವನ್ನು ತನ್ನ ಗಂಡನ ಕತ್ತರಿಯ ಪಕ್ಕಕ್ಕೆ ಇಟ್ಟಿದ್ದಾಳೆ. ಆ ಕತ್ತರಿಯ ಪಕ್ಕ ಹೊಲಿಗೆಯ ಹತಾರ ಬಿಟ್ಟು ಬೇರೊಂದು ವಸ್ತು ಕೂತದ್ದನ್ನು ನಲಿನಿ ಕಂಡಿರಲಿಲ್ಲ.

ಆಕೆ ಮಣೆಯ ಮುಂದೆ ಬಗ್ಗಿ ನಮಸ್ಕಾರ ಮಾಡಿದಳು.

ಮರುದಿನ ಬನ್ನಿ ಕೊಟ್ಟು, ‘ಬಂಗಾರ ತಗೊಂಡು ಬಂಗಾರದಂಗ ಇರೂಣು’ ಎಂದು ಓಣಿಯೆಲ್ಲ ಅಂದುಕೊಂಡು ತಿರುಗಿದ ಮೇಲೆ ನಲಿನಿ ಫ್ಲಾಪಿಗಳನ್ನು ಪರೀಕ್ಷೆಗೆ ಒಯ್ದಳು. ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿಯಿಂದ ಶುರುಮಾಡಿ ಈಗ ಕಂಪ್ಯೂಟರಿಗೂ ಕೈಯಿಟ್ಟಿದ್ದ ಮಹಮ್ಮದಗೌಸನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ ಇತ್ತು. ಗೌಸ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಅಕ್ಕಿಕಾಳೊಂದು ಉದುರಿತು.

“ಅಕ್ಕಾರ, ಇದಕ್ಕ ಡಾಕ್ಟರ್ ಬ್ಯಾಡ, ಭಟ್ಟರು ಬೇಕು.”

“ನಗಬ್ಯಾಡ್ರಿ ಗೌಸಣ್ಣ. ನಾಳಿನಿಂದ ಹಾವೇರಿ ಕ್ಲಾಸ್ ಐತಿ.”

ಆತ ನಗು ನಿಲ್ಲಿಸಿ ಕಪಾಟಿನ ಬಾಗಿಲು ತೆಗೆದ. ಆಟಗಳ ಮೂಲ ಪ್ರತಿಗಳು ಆತನ ಯಂತ್ರದಲ್ಲಿ ಇದ್ದೇ ಇದ್ದವು. ಅವನ್ನು ಈಗ ಯಾವುದರಲ್ಲಿ ತುಂಬಿಕೊಡುವುದು ಎಂಬುದೇ ಪ್ರಶ್ನೆ. ಮೊದಲು ಹೊಸ ಫ್ಲಾಪಿಗಳನ್ನಿಟ್ಟ. “ಇವು ಅಗ್ಗ. ಆದ್ರ ನಿಮಗ ಗೊತ್ತೈತಲ್ಲ, ಬ್ಯಾಡಗಿಯೊಳಗ ಮೆಣಸಿನಕಾಯಿ ಘಾಟಿಗೆ ಫ್ಲಾಪಿನೂ ಸೀನ್ತಾವ.” ಆಮೇಲೆ ದಪ್ಪನೆಯ ಫ್ಲಾಪಿಯಂಥದ್ದನ್ನೂ ಅದನ್ನು ಓದಿಸುವ ನೀಲಿ ಪೆಟ್ಟಿಗೆಯನ್ನೂ ಇಟ್ಟ. “ಇದಕ್ಕ ಜಿಪ್ ಅಂತಾರ. ಫ್ಲಾಪಿ ಎಪ್ಪತ್ತು ಕೂಡಿದ್ರೂ ಇದರೊಳಗ ಹಿಡೀತಾವ. ಪ್ರಿಂಟರಿನ ವಾಯರ್ ಹಾಕೂ ಜಾಗಾಕ್ಕ ಇದನ್ನ ಸಿಗಿಸೋದು, ನಡೀತು.” ಕೊನೆಗೆ ಹಳೆಯ ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ತೆಗೆದ. ಇಟ್ಟಂಗಿಯಷ್ಟು ದೊಡ್ಡ ಬೂದು ತಗಡಿನ ಡಬ್ಬಿ. “ಇದು ಹೊರಗ ಇಡೂ ಹಾರ್ಡ್ ಡಿಸ್ಕ್. ಸೆಕೆಂಡ್ ಹ್ಯಾಂಡ್, ಹುಬ್ಬಳ್ಳಿಯಿಂದ ಬಂದೈತಿ. ನಿಮ್ಮ ಆಟ ಎಲ್ಲಾ ಹೋಗಿ ಮ್ಯಾಲೆ ಜಾಗ ಉಳೀತೈತಿ. ಯಂತ್ರದೊಳಗ ಇಳಿಸೂದ ಬ್ಯಾಡ, ಇದರಾಗಿಂದನ ಓಡಸ್ರಿ. ಒಂದು ಫ್ಲಾಪಿಯಿಂದ ಮಷೀನ್ ಶುರು ಮಾಡಿದ್ರ ಅದು ಈ ಡಬ್ಬಿ ಗುರ್ತು ಹಿಡೀತೈತಿ. ವಾಯರ್ ಕಿತ್ತು ಎದ್ರ, ನೀವು ಬಂದದ್ದ ಮಷೀನಿಗೆ ನೆನಪಿರಂಗಿಲ್ಲ.”

“ಐಬು?”

“ಎರಡು ಅದಾವು. ಆ ವಾಯರಿನ್ಯಾಗ ಓಟ ನಿಧಾನ. ಇನ್ನೊಂದು, ಕೆಳಗ ಬಿತ್ತಂದ್ರ ಮುಗೀತು. ಫ್ಲಾಪಿ ಆದ್ರ ಒಂದು ಹೋದ್ರ ಒಂದ ಆಟ ಹೋತು. ಇದು ಹೋದ್ರ ಎಲ್ಲಾ ಹೋತು. ನನ್ನ ಕೇಳಿದ್ರ ಜಿಪ್ ಒಯ್ರಿ.”

ನಲಿನಿ ಜಿಪ್ಪಿನ ಬಿಲ್ಲೆಯನ್ನು ತಿರುಗಿಸಿ ನೋಡಿದಳು. ಅದರ ಅಂಚಿಗೂ ಒಂದು ತಗಡಿನ ಬಾಗಿಲು ಇತ್ತು. ಬೆರಳಿನಿಂದ ತಳ್ಳಿದರೆ ಸರಿಯುವಂತೆ ಕಾಣುತ್ತಿತ್ತು. ಆಕೆಯ ಮನಸ್ಸು ಮುಂದಿನ ವರ್ಷದ ಮಹಾನವಮಿಗೆ ಹೋಯಿತು. ‘ಅವ್ವಾ, ಇವನ್ನ ಮುಟ್ಟಬ್ಯಾಡ’ ಎಂದು ಹೇಳಬಹುದು, ಹೇಳಿದರೆ ಮುಟ್ಟುವುದೂ ಇಲ್ಲ. ಕತ್ತರಿಯ ಪಕ್ಕದ ಜಾಗ ಆಗ ಖಾಲಿ ಬೀಳುತ್ತದೆ. ಒಮ್ಮೆ ಖಾಲಿ ಬಿದ್ದ ಜಾಗಕ್ಕೆ ಅವ್ವ ಮತ್ತೆ ತಾನಾಗಿ ಏನನ್ನೂ ಇಡುವವಳಲ್ಲ. ಗಂಡನ ಮನೆಯಿಂದ ಮಗಳು ಬಂದ ಮೇಲೆ ಆಕೆ ಆ ಊರಿನ ಹೆಸರನ್ನೇ ಎತ್ತಿರಲಿಲ್ಲವಲ್ಲ!

“ಗೌಸಣ್ಣ, ಈ ಡಬ್ಬಿಗೆ ಕುಂಕುಮ ಹಚ್ಚಬಹುದೇನು?”

ಗೌಸನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಆತ ನಗಲಿಲ್ಲ. ಡಬ್ಬಿಯನ್ನು ತಿರುಗಿಸಿ ಹಿಂಬದಿಯ ಸಂದುಗಳನ್ನು ತೋರಿಸಿದ. “ಮ್ಯಾಲ ಬೇಕಾದಷ್ಟು ಹಚ್ರಿ, ಹೂವಾ ಏರಸ್ರಿ. ಇಲ್ಲಿ ಗಾಳಿ ಆಡಬೇಕು, ಇಷ್ಟ ಮುಚ್ಚಬ್ಯಾಡ್ರಿ. ನೀರಂತೂ ಬ್ಯಾಡ. ಒಳಗಿನ ಬಾಗಲಾ ತಗ್ಯಾಕ ಆ ದೇವರಿಗೂ ಸ್ಕ್ರೂಡ್ರೈವರ್ ಬೇಕು.”

ಕೂಡಿಟ್ಟ ದುಡ್ಡೆಲ್ಲ ಡಬ್ಬಿಗೆ ಹೋಯಿತು, ಇನ್ನೊಂದು ಕೊಳ್ಳುವ ಮಾತಿರಲಿಲ್ಲ. ಆದರೆ ಗೌಸ ಹೇಳಿದ ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿಯಿತು: ಇದು ಹೋದರೆ ಎಲ್ಲಾ ಹೋಯಿತು. ಎಲ್ಲವನ್ನೂ ಒಂದೇ ಕಡೆ ಇಡುವ ಕೆಲಸ ಜೀವನದಲ್ಲಿ ಒಮ್ಮೆ ಮಾಡಿ ನೋಡಿದವಳು ಆಕೆ.

ಮನೆಗೆ ಬಂದಾಗ ಕೃಷ್ಣಾಜಿಗೆ ಬಾಯಿ ತಡೆಯಲಿಲ್ಲ. “ಅವ್ವಾ, ನಿನ್ನ ಪೂಜಿ ಅಕ್ಕನ ಆಟ ಎಲ್ಲಾ ನುಂಗಿ ನೀರು ಕುಡೀತು ನೋಡು!”

“ಏ, ಸುಮ್ನಿರೋ,” ಎಂದು ನಲಿನಿ ಗದರಿದಳು. ಆಗಲೇ ಹೊತ್ತು ಮೀರಿತ್ತು. ವೆಂಕೂಬಾಯಿ ಮಗಳ ಕೈಯಲ್ಲಿದ್ದ ಡಬ್ಬಿ ನೋಡಿದಳು, ಮಗಳ ಮುಖ ನೋಡಿದಳು.

“ಇದು ಬಿದ್ರ ಒಡೀತೈತೇನು?” ಎಂದಷ್ಟೇ ಕೇಳಿದಳು.

“ಹೂನವ್ವಾ.”

ಆ ಸಂಜೆ ಆಕೆ ಅಂಗಡಿಯ ಚಿಂದಿಯ ಗಂಟು ಬಿಚ್ಚಿಕೊಂಡು ಕೂತಳು. ಸಾಲಿ ಮಕ್ಕಳ ನೀಲಿ ಚಡ್ಡಿಯ ತುಂಡು, ಯಾವುದೋ ಮದುವೆಯ ಕುಪ್ಪಸದ ಅಂಚು, ಪೊಲೀಸರ ಖಾಕಿ. ತುಂಡಿಗೆ ತುಂಡು ಜೋಡಿಸಿ, ಪದರದ ಮೇಲೆ ಪದರ ಇಟ್ಟು, ಒತ್ತೊತ್ತಾಗಿ ದಾರ ಓಡಿಸಿ ಕೌದಿ ಹೊಲಿದಳು, ಮಗುವಿಗೆ ಹೊಲಿಯುವಷ್ಟೇ ಸಣ್ಣದು. ಅದನ್ನು ಮಡಚಿ ಚೀಲ ಮಾಡಿ, ಮೇಲೊಂದು ಮುಚ್ಚಳ ಇಟ್ಟಳು. ನಲಿನಿ ಹಿಂಬದಿಯ ಸಂದು ತೋರಿಸಿ ಗಾಳಿಯ ಮಾತು ಹೇಳಿದ್ದಕ್ಕೆ ಅಲ್ಲಿ ಬಟ್ಟೆ ಕತ್ತರಿಸಿ, ಗುಂಡಿಯ ತೂತಿಗೆ ಕಾಜಾ ಹಾಕಿದಂತೆ ಅಂಚಿಗೆ ದಾರ ಸುತ್ತಿದಳು. ಕತ್ತರಿಸಿದ್ದು ದೊಡ್ಡ ಕತ್ತರಿಯಿಂದ.

ಮರುದಿನ ಹಾವೇರಿಯಲ್ಲಿ ಕಾರು ಓಡಿಸುವ ಆಟ ಹಚ್ಚಿದರೆ ಕಾರು ಎತ್ತಿನ ಬಂಡಿಯಾಯಿತು. “ಬಾಯಾರ, ಇದು ನಿಂತ ನಿಂತ ಹೊಂಟೈತ್ರಿ, ಗಾಲಿ ಪಂಚರ್ ಆಗೈತೇನ್ರಿ?” ಎಂದು ಮಕ್ಕಳು ಕೇಕೆ ಹಾಕಿದರು. ಪ್ರಭಾಕರ ಬಾಗಿಲಲ್ಲಿ ನಿಂತು ನೋಡಿ ಹೋದ. ಆ ಆಟ ಹೆಜ್ಜೆ ಹೆಜ್ಜೆಗೂ ಡಬ್ಬಿಗೆ ಕೈ ಚಾಚುತ್ತಿತ್ತು. ಪ್ರಿಂಟರಿನ ವಾಯರಿಗೆ ಅಷ್ಟು ದಮ್ಮು ಇರಲಿಲ್ಲ. ನಲಿನಿ ಒಂದೊಂದಾಗಿ ಹಚ್ಚಿ ನೋಡಿದಳು. ಇಟ್ಟಂಗಿ ಒಡೆಯುವುದು, ಹಾವು ಬೆಳೆಸುವುದು, ಗೋಡೆ ಜಿಗಿಯುವ ಹುಡುಗ, ಇಂಥವು ಮೊದಲಿಗೆ ಒಮ್ಮೆ ಹೊಟ್ಟೆ ತುಂಬ ಉಂಡು, ಆಮೇಲೆ ಡಬ್ಬಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವನ್ನು ಉಳಿಸಿಕೊಂಡಳು. ಕಾರನ್ನು ಬಿಟ್ಟಳು. ಮಕ್ಕಳು ಎರಡು ದಿನ ಕಾರು ಕಾರು ಎಂದು ಮರೆತರು.

ಸೂಟಿ ಮುಗಿಯಲು ಬಂದಾಗ ಒಂದು ಮುಂಜಾನೆ ಬ್ಯಾಡಗಿಯ ಕ್ಲಾಸು ಮುಗಿಸಿ ಹಾವೇರಿಯ ಬಸ್ಸು ಹತ್ತಿದಳು. ಮೆಣಸಿನಕಾಯಿ ಚೀಲಗಳ ನಡುವೆ ಜನ, ಜನರ ನಡುವೆ ಸೀನು. ಮೋಟೆಬೆನ್ನೂರ ಕ್ರಾಸಿನಲ್ಲಿ ಎಮ್ಮೆಯೊಂದು ಅಡ್ಡ ಬಂದು ಡ್ರೈವರ್ ಬ್ರೇಕ್ ಒತ್ತಿದ. ನಲಿನಿಯ ತೊಡೆಯಿಂದ ಚೀಲ ಹಾರಿ ಮುಂದಿನ ಸೀಟಿನ ಕಂಬಿಗೆ ಬಡಿದು ಕೆಳಗೆ ಬಿತ್ತು.

“ಅಯ್ಯ, ಕೂಸಿತ್ತೇನವಾ ಅದರಾಗ?” ಎಂದು ಪಕ್ಕದ ಮುದುಕಿ ಕೇಳಿದ್ದು ಆಕೆಯ ಮುಖ ನೋಡಿ.

ಹಾವೇರಿ ಬರುವವರೆಗೂ ನಲಿನಿ ಚೀಲ ಬಿಚ್ಚಲಿಲ್ಲ. ಬಿಚ್ಚಿ ನೋಡಿದರೆ ತಗಡು ನೆಟ್ಟಗಿದ್ದರೂ ಒಳಗಿನದು ತಿಳಿಯುವುದಿಲ್ಲವೆಂದು ಕಿಟಕಿಯ ಹೊರಗೆ ನೋಡುತ್ತ ಕೂತಳು. ಆ ಖೋಲಿ, ಆ ಚಿಲಕ, ಎಲ್ಲ ಈಗ ಈ ಕೌದಿಯೊಳಗೆ ಇದ್ದವು, ಸತ್ತೋ ಬದುಕಿಯೋ. ಕ್ಲಾಸಿನಲ್ಲಿ ವಾಯರ್ ಸಿಗಿಸಿ, ಫ್ಲಾಪಿ ಹಾಕಿ, ಗುಂಡಿ ಒತ್ತಿದಳು. ಡಬ್ಬಿಯ ಹಸಿರು ದೀಪ ಮಿಣುಕಿತು. ಒಳಗಿಂದ ಗಿರಗಿರ ಸದ್ದು, ಮನೆಯ ಹೊಲಿಗೆ ಮಷೀನು ದೂರದಲ್ಲಿ ತಿರುಗಿದ ಹಾಗೆ. ಪರದೆಯ ಮೇಲೆ ಆಟಗಳ ಹೆಸರು ಸಾಲಾಗಿ ಬಂದು ನಿಂತವು.

ಸಂಜೆ ಪ್ರಭಾಕರ ತಾನೇ ಕೂತು ಯಂತ್ರಗಳನ್ನು ಜಾಲಾಡಿದ. ಏನೂ ಸಿಗಲಿಲ್ಲ. ಖೋಲಿಯ ಕೀಲಿಕೈಯನ್ನು ಮೇಜಿನ ಮೇಲಿಟ್ಟು, “ದೀಪಾವಳಿ ಆಗಲಿ, ಬಂದುಬಿಡ್ರಿ. ಸುಣ್ಣಾ ಹೊಡಿಸಿಡ್ತೇನಿ,” ಎಂದ.

ಮನೆಗೆ ಬಂದಾಗ ವೆಂಕೂಬಾಯಿ ಕೌದಿಯ ಮೂಲೆಯ ಕೆಂಪು ಧೂಳನ್ನು ನೋಡಿದಳು. “ಬಿತ್ತು?”

“ಬಿತ್ತು. ಏನೂ ಆಗಲಿಲ್ಲ.”

ಆಕೆ ಚೀಲ ಇಸಿದುಕೊಂಡು ಅಂಗಳದಲ್ಲಿ ಝಾಡಿಸಿದಳು. ಸೀನು ಬಂತು. ಸೀನುತ್ತಲೇ ನಕ್ಕಳು.

ದೀಪಾವಳಿ ಕಳೆದ ಮೇಲಿನ ಒಂದು ಮುಂಜಾನೆ ಕೃಷ್ಣಾಜಿ ಅಕ್ಕನ ಟ್ರಂಕನ್ನು ಸೈಕಲ್ಲಿಗೆ ಕಟ್ಟಿದ. ಹಿಂದೆ ಆ ಮನೆಯಿಂದ ನಲಿನಿ ಹೊರಟದ್ದು ಬಾಸಿಂಗ ಕಟ್ಟಿಕೊಂಡು. ಆಗ ಹೊರಡಿಸಿದ್ದು ಬೇರೆಯವರು. “ಇರಬಹುದಾಗಿತ್ತಲ್ಲ ಅಕ್ಕಾ, ನಿನಗ ಇಲ್ಲೇನು ಕಡಿಮಿ?” ಎಂದು ಆತ ಹಗ್ಗ ಬಿಗಿಯುತ್ತ ನೆಲ ನೋಡಿ ಹೇಳಿದ. “ಏನೂ ಕಡಿಮಿ ಇಲ್ಲೋ. ಗುಂಡಿ ಹಚ್ಚೂದಿದ್ರ ಕಳಿಸಿಕೊಡು,” ಎಂದಳು.

ವೆಂಕೂಬಾಯಿ ಡಬ್ಬಿಯನ್ನು ಮಣೆಯ ಮೇಲಿಟ್ಟು, ನೆತ್ತಿಗೆ ಒಂದೇ ಒಂದು ಬೊಟ್ಟು ಕುಂಕುಮ ಇಟ್ಟಳು. ಒಣ ಕುಂಕುಮ.

“ಬಾಗಲಾ ಮುಚ್ಚೇ ಐತಿ ನೋಡಿಕೋ. ಮ್ಯಾಲಷ್ಟ ಹಚ್ಚೇನಿ.”

ಮತ್ತೆ ಅದನ್ನು ಕೌದಿಯೊಳಗೆ ಇಳಿಸಿ, ಗುಂಡಿ ಹಾಕಿ, ಮಗಳ ಕೈಗೆ ಕೊಟ್ಟಳು. ನಲಿನಿ ಹೊಸ್ತಿಲು ದಾಟಿದಳು. ಇದು ಆ ಮನೆಯಿಂದ ಆಕೆಯ ಕಡೆಯ ಹೊರಡುವಿಕೆ ಎಂದು ಇಬ್ಬರಿಗೂ ಗೊತ್ತಿತ್ತು. ಇನ್ನು ಮೇಲೆ ಬಂದರೆ ನೆಂಟಳಾಗಿ ಬರುವುದು, ಚಹಾ ಕುಡಿದು ಬಸ್ಸಿನ ಹೊತ್ತು ನೋಡುವುದು.

ಎದುರುಮನೆಯ ಕಟ್ಟೆಯಿಂದ ಮಂಗಳವ್ವ ಕೂಗಿದಳು: “ಏನವಾ, ಟ್ರಂಕು ಸೈತ ಹೊಂಟೈತಿ! ಆಟ ಎಲ್ಲಿಗೆ ಹೊಂಟ್ವು?”

“ಹಾವೇರಿಗೆ, ಮಂಗಳವ್ವಾ.”

“ಹೊಳ್ಳಿ ಯಾವಾಗ ಬರ್ತಾವ?”

ನಲಿನಿ ತಿರುಗಿ ಬಾಗಿಲ ಕಡೆ ನೋಡಿದಳು. ಅವ್ವ ಕುಂಕುಮದ ಬೆರಳನ್ನು ಇನ್ನೂ ಒರೆಸಿಕೊಂಡಿರಲಿಲ್ಲ.

“ಖಂಡೇ ಪೂಜಿಗೆ,” ಎಂದಳು. ಚೀಲವನ್ನು ಹೆಗಲಿಗೆ ಹಾಕದೆ ಎದೆಗೆ ಅವಚಿಕೊಂಡು, ತಮ್ಮನ ಸೈಕಲ್ಲಿನ ಹಿಂದೆ ನಡೆದಳು.