ಮಾಸ್ತರರ ಕಂಪ್ಯೂಟರ್ ಮಾತು ನಿಲ್ಲಿಸಿದಾಗ

ಕಂಪ್ಯೂಟರಿನ ಗುಂಡಿ ಒತ್ತಿದ ಮೇಲೆ ಮಾಸ್ತರರು ಬಲಗೈಯ ತೋರುಬೆರಳನ್ನು ಎತ್ತಿ ಹಿಡಿಯುತ್ತಿದ್ದರು. ಗಂಟುಗಟ್ಟಿದ, ಉಗುರು ಒಂದು ಬದಿಗೆ ಸವೆದ ಬೆರಳು. ಹಳಿಯಾಳದ ಹೈಸ್ಕೂಲಿನಲ್ಲಿ ನಮ್ಮ ಗದ್ದಲ ಅಡಗಿಸುತ್ತಿದ್ದುದೂ ಅದೇ ಬೆರಳು. ಎಡಗಿವಿಯನ್ನು ಪೆಟ್ಟಿಗೆಯತ್ತ ವಾಲಿಸಿ ಕಾಯುವರು. ತುಸು ಹೊತ್ತಿಗೆ ಒಳಗಿನಿಂದ ಮೂಗಿನಲ್ಲಿ ಮಾತಾಡುವಂಥ ದನಿ ಹೊರಡುತ್ತಿತ್ತು, ಬೆರಳು ಕೆಳಗಿಳಿಯುತ್ತಿತ್ತು.

"ಬಂದ ನೋಡಪಾ, ನೆಗಡಿ ಆದ ಮಾಮಲೇದಾರ" ಎಂದು ನಗುವರು.

ನಿವೃತ್ತಿಯಾದ ಮೇಲೆ ಕಾಚಬಿಂದು, ಅಂದರೆ ಗ್ಲಾಕೋಮಾದಿಂದ ಅವರ ಎರಡೂ ಕಣ್ಣು ಹೋದವು. ದಾಂಡೇಲಿಯ ಬಂಗೂರನಗರದಲ್ಲಿ, ನಮ್ಮ ಮನೆಯ ಪಕ್ಕದಲ್ಲೇ, ಅಕ್ಕನೊಂದಿಗೆ ಇದ್ದರು. ಅವರ ಕೈಯಲ್ಲಿ ಮೆಟ್ರಿಕ್ ಪಾಸಾಗಿ ಕಾಗದದ ಕಾರ್ಖಾನೆ ಸೇರಿದವನು ನಾನು. ನನ್ನ ತಲೆಯೂ ಬೆಳ್ಳಗಾಗಿತ್ತು, ಆದರೂ ಅವರಿಗೆ ನಾನು 'ತಮ್ಮಾ'.

ಆ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಇದ್ದವು. ಒಂದು ಪರದೆಯ ಮೇಲಿನದನ್ನೆಲ್ಲ ಓದಿ ಹೇಳುವಂಥದ್ದು, ಮಾಸ್ತರರದು. ಇನ್ನೊಂದು ಎಲ್ಲ ಕಡೆ ಇರುವಂಥದ್ದು. ಅದನ್ನು ಅವರು ಹಾಕಿಸಿದ್ದು ನನ್ನ ಸಲುವಾಗಿ, ನನ್ನ ಹತ್ತಿರ ಕಂಪ್ಯೂಟರ್ ಇಲ್ಲವೆಂದು. ಶುರುವಾಗುವಾಗ ಪರದೆಯ ಮೇಲೆ ಎರಡರ ಹೆಸರೂ ಬರುತ್ತಿದ್ದವು. ಸುಮ್ಮನೆ ಬಿಟ್ಟರೆ ಮೇಲಿನದು, ಅಂದರೆ ಅವರದು, ತಾನಾಗಿ ತೆರೆಯುತ್ತಿತ್ತು. "ಮನಿ ಒಂದ, ಬಾಗಲಾ ಎರಡು. ನಿನ್ನ ಬಾಗಲಾ ನೀ ತಗದು ಒಳಗ ಹೋಗು. ನನ್ನ ಚಿಲಕಾ ಮಾತ್ರ ಮುಟ್ಟಬ್ಯಾಡ" ಎಂದಿದ್ದರು. ಪಟ್ಟಿ ಬಂದು ದನಿ ಏಳುವ ತನಕದ ಆ ಸ್ವಲ್ಪ ಹೊತ್ತು ಪೆಟ್ಟಿಗೆ ಮೂಕ. ಆಗ ಏನಾದರೂ ಕೆಟ್ಟರೆ ಕಣ್ಣಿದ್ದವರೇ ನೋಡಿ ಹೇಳಬೇಕು.

ಅದರಲ್ಲಿ ಮಾಸ್ತರರು ಒಂದು ಪುಸ್ತಕ ಬರೆಯುತ್ತಿದ್ದರು. ಇಳಿವಯಸ್ಸಿನಲ್ಲಿ ಕಣ್ಣು ಕಳೆದುಕೊಂಡವರಿಗಾಗಿ. ಕಪ್ಪಿಗೆ ಚಹಾ ಸುರಿಯುವಾಗ ಕಿವಿಗೊಡಿ, ತುಂಬುತ್ತ ಬಂದಂತೆ ಸದ್ದು ಏರುತ್ತದೆ. ಹೀಗೆ ಒಂದೊಂದೇ ವಾಕ್ಯ. ಹುಟ್ಟುಕುರುಡರಿಗೆ ಇದು ಬೇಕಿಲ್ಲ, ಕಣ್ಣಿದ್ದವರಿಗೆ ಗೊತ್ತಾಗುವುದಿಲ್ಲ, ನಡುವೆ ಸಿಕ್ಕಿಬಿದ್ದವರಿಗೆ ಯಾರೂ ಬರೆದಿಲ್ಲ ಎನ್ನುತ್ತಿದ್ದರು.

ನನ್ನ ಕೈ ನಿಧಾನ. ಪಟ್ಟಿಯಲ್ಲಿ ನನ್ನ ಸಿಸ್ಟಮ್ ಆರಿಸುವಷ್ಟರಲ್ಲಿ ಅವರದು ತೆರೆದು, ಮಾಮಲೇದಾರ ಒದರಲು ಶುರುಮಾಡುತ್ತಿದ್ದ. ಬೇಸತ್ತು ಒಂದು ದಿನ ಯಾವುದೋ ವಿಡಿಯೊ ನೋಡಿ ನನ್ನದು ತಾನಾಗಿ ತೆರೆಯುವಂತೆ ಪಟ್ಟಿಯಲ್ಲಿ ಮೇಲಕ್ಕೆ ತಂದೆ. ಅವರಿಗೆ ಹೇಳಲು ಮರೆತೆ.

ಮರುದಿನ ನಾನು ಹೋದಾಗ ಮಾಸ್ತರರು ಬೆರಳೆತ್ತಿ ಕುಳಿತಿದ್ದರು. ಪರದೆಯ ಮೇಲೆ ನನ್ನ ಸಿಸ್ಟಮ್ ತೆರೆದಿತ್ತು. ಅದಕ್ಕೆ ಮಾತು ಬರುವುದಿಲ್ಲ.

"ತಮ್ಮಾ, ಪರದೆ ಮ್ಯಾಲ ಏನೈತಿ ನೋಡು."

ಚಿಲಕ ಮುಟ್ಟಿದ್ದು ಗೊತ್ತಾದರೆ ಬೈಯುತ್ತಾರೆಂದು ಅಂಜಿದೆ. ಅಜ್ಜನಾದವನು ಹೈಸ್ಕೂಲ್ ಹುಡುಗನಂತೆ ಅಂಜಿದೆ. "ದಿನಾ ಬರೂದ ಬಂದೈತ್ರಿ ಸರ" ಎಂದೆ.

"ಮಾತಾಡಾಕ ಹತ್ತೈತೇನು?"

"ಹೂಂನ್ರಿ... ಸಣ್ಣಗ ಮಾತಾಡತೈತಿ."

ಅವರು ಕಿವಿಯನ್ನು ಪೆಟ್ಟಿಗೆಗೇ ಹಚ್ಚಿದರು. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಬೆರಳು ತಾನಾಗಿ ಮಡಚಿಕೊಂಡಿತು. "ಡಾಕ್ಟರು ಹೇಳಿದ್ರು, ತೆಳು ದನಿ ಮೊದಲ ಹೋಗತಾವ ಅಂತ. ಕಣ್ಣಾತು, ಇನ್ನ ಕಿವಿ ಹೊಂಟುವೇನಪಾ" ಎಂದು ಎದ್ದು ಒಳಗೆ ಹೋದರು.

ಅವರು ಮಲಗಿದಾಗ ಮೊದಲಿನಂತೆ ಮಾಡಿಬಿಡೋಣವೆಂದು ಕೂತೆ. ಅವಸರದಲ್ಲಿ ಏನೋ ಅಳಿಸಿದೆ. ಮತ್ತೆ ಶುರುಮಾಡಿದರೆ ಎರಡೂ ಇಲ್ಲ! ಕಪ್ಪು ಪರದೆ, ಅದರ ಮೇಲೆ ಇಂಗ್ಲಿಷಿನ ಒಂದು ಸಾಲು. ಹಳಿಯಾಳದ ರಿಪೇರಿ ಅಂಗಡಿಗೆ ಫೋನ್ ಮಾಡಿದೆ. "ಎಲ್ಲಾ ಅಳಿಸಿ ಹೊಸದಾಗಿ ಹಾಕೂಣ್ರಿ. ಒಳಗಿಂದು ಏನೂ ಉಳಿಯೂದಿಲ್ಲ ಮತ್ತ" ಎಂದರು. ಒಳಗಿದ್ದುದು ಆ ಪುಸ್ತಕ. ಅವರಿವರನ್ನು ಕೇಳಿದೆ, ಸಿಕ್ಕ ವಿಡಿಯೊ ಎಲ್ಲ ನೋಡಿದೆ. ಇನ್ನೊಂದು ಗುಂಡಿ ಒತ್ತಿದರೆ ಪುಸ್ತಕವೇ ಹೋಗಬಹುದೆಂದು ಮುಟ್ಟುವ ಧೈರ್ಯವಾಗಲಿಲ್ಲ.

ಮಾಸ್ತರರು ಆ ಕಡೆ ಸುಳಿಯಲೇ ಇಲ್ಲ. ಕಿವಿಯ ಮೇಲಿನ ಭರವಸೆ ಹೋದ ಮೇಲೆ ಅಂಗಳಕ್ಕೂ ಇಳಿಯದಾದರು. "ಗ್ವಾಡಿ ನೋಡಕೋತ ಕುಂಡ್ರತಾನ. ಕಣ್ಣಿದ್ದಾವರ ಗತೆ" ಎಂದು ಅವರ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಇಡೀ ಮಳೆಗಾಲ ಹಾಗೇ ಹೋಯಿತು. ದಿನವೂ ಹೇಳಬೇಕೆಂದು ಹೋಗುತ್ತಿದ್ದೆ, ಚಹಾ ಕುಡಿದು ಬರುತ್ತಿದ್ದೆ.

ದಸರೆ ಹೊತ್ತಿಗೆ ಅಕ್ಕನ ಕಾಟ ತಾಳದೆ ಮಾಸ್ತರರು ಕ್ಷೌರಕ್ಕೆ ಹೊರಟರು, ಜೊತೆಗೆ ನಾನೂ ಹೋದೆ. ಮೊದಲೆಲ್ಲ ಬಿದಿರಿನ ಲಾರಿಗಳ ನಡುವೆ ಒಬ್ಬರೇ ರಸ್ತೆ ದಾಟುತ್ತಿದ್ದವರು ಅಂದು ಅಂಚಿನಲ್ಲೇ ನಿಂತರು. ಒಂದು ಹೆಜ್ಜೆ ಇಟ್ಟು ಹಿಂದೆ ಸರಿದರು. ನನ್ನ ಮೊಣಕೈ ಹುಡುಕಿ ಹಿಡಿದುಕೊಂಡರು.

"ನನ್ನ ಕಿವಿ ಇನ್ನ ನಂಬೂಹಂಗಿಲ್ಲೋ ತಮ್ಮಾ. ನಿನ್ನ ಕಣ್ಣಷ್ಟ ನಂಬತೇನಿ."

ರಸ್ತೆಯ ಬದಿಯಲ್ಲೇ ಅಳುತ್ತ ಎಲ್ಲ ಹೇಳಿದೆ. ಅವರು ಮೊಣಕೈ ಬಿಟ್ಟರು. ಒಂದು ಲಾರಿ ಹೋಯಿತು, ಇನ್ನೊಂದು ಹೋಯಿತು.

"ಅಂದ್ರ ನನ್ನ ಕಿವಿ ಛಲೋ ಅದಾವು?"

"ಛಲೋ ಅದಾವ್ರಿ ಸರ."

"ನಡಿ ಮನಿಗೆ."

ಮೇಜಿನ ಡ್ರಾದಿಂದ ಒಂದು ಪೆನ್ ಡ್ರೈವ್ ತೆಗೆದರು. ಅದರಲ್ಲೂ ಮಾತಾಡುವ ಸಿಸ್ಟಮ್ ಇತ್ತಂತೆ, ಇಂಥ ಹೊತ್ತಿಗೆಂದೇ ಇಟ್ಟಿದ್ದರಂತೆ. ಅದನ್ನು ಸಿಕ್ಕಿಸಿ, ಗುಂಡಿ ಒತ್ತಿ, ಕೀಲಿಮಣೆಯ ಮೇಲಿನ ಸಾಲಿನ ಒಂದು ಕೀಲಿಯನ್ನು ಟಪಟಪ ಬಡಿದರು. "ಈಗ ಓದು. ಖರೇ ಇದ್ದದ್ದ ಓದು."

ನಾನು ಮೂರು ಸಾಲು ಓದಿದೆ. ಮೂರನೆಯದನ್ನು ಆರಿಸು ಎಂದರು, ಆರಿಸಿದೆ. ನನ್ನ ಕಣ್ಣಿನ ಕೆಲಸ ಅಷ್ಟೇ ಇತ್ತು. ಬೆರಳೆತ್ತಿದರು. ಮೂಗಿನ ದನಿ ಕೋಣೆ ತುಂಬ ಮೊಳಗಿತು.

"ಸಣ್ಣ ಮಾಡೋ, ಕಿವಿ ಹರದಾವು!" ಎಂದು ಕೂಗಿದರು. ಆಮೇಲೆ ಎರಡೂ ಕೈ ಮೇಜಿನ ಮೇಲೆ ಚಾಚಿ, ಹಣೆ ಇಟ್ಟು ಅತ್ತರು. ಅತ್ತಾದ ಮೇಲೆ ದನಿ ಹೇಳಿದಂತೆ ತಾವೇ ಕೀಲಿ ಒತ್ತುತ್ತ ಸರಿಪಡಿಸಿದರು. "ಮನಿ ಹಂಗ ಐತಿ. ನೀ ಕೆಡವಿದ್ದು ಹೊಸ್ತಲಾ ಅಷ್ಟ" ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ.

ಮತ್ತೆ ಬರೆಯಲು ಕೂತರು, ಆದರೆ ಹೆಚ್ಚು ದಿನ ಸಿಗಲಿಲ್ಲ. ಚಳಿಗಾಲ ಮುಗಿಯುವ ಮೊದಲೇ ಎದೆನೋವಿನಿಂದ ಹೋದರು. ಅವರ ಅಕ್ಕ ಪೆಟ್ಟಿಗೆಯನ್ನು ನನಗೆ ಕೊಟ್ಟಳು. ಪುಸ್ತಕದಲ್ಲಿ ಅಡಿಗೆಮನೆ ಮುಗಿದಿದೆ, ಅಂಗಳ ಮುಗಿದಿದೆ. ಕೊನೆಯ ಪುಟದಲ್ಲಿ 'ರಸ್ತೆ ದಾಟುವುದು' ಎಂದು ತಲೆಬರಹವಿದೆ. ಕೆಳಗೆ ಏನೂ ಇಲ್ಲ. ನಾನು ಕಸಿದುಕೊಂಡ ಆ ಮಳೆಗಾಲದಲ್ಲಿ ಅದು ಮುಗಿಯುತ್ತಿತ್ತು.

ಅದನ್ನಾದರೂ ಬರೆದು ಮುಗಿಸೋಣವೆಂದು ಒಂದು ಮುಂಜಾನೆ ರಸ್ತೆಯಂಚಿನಲ್ಲಿ ಕಣ್ಣು ಮುಚ್ಚಿ ನಿಂತೆ. ಲಾರಿಯ ಸದ್ದು ಎಲ್ಲ ಕಡೆಯಿಂದಲೂ ಬಂದಂತಾಯಿತು. ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯಲಿಲ್ಲ. ಕಾಲು ಏಳಲಿಲ್ಲ. ಕಣ್ಣು ಬಿಟ್ಟುಬಿಟ್ಟೆ.