ಕಳಚಿಟ್ಟ ಗಂಟೆ

ದೆವ್ವ, ಗಾಳಿ ಸೋಂಕು, ಶಕುನ ಎಂಬ ಮಾತು ಬಂದಲ್ಲಿ ನಾನು ಕೂಡುವವನಲ್ಲ. ಸುರಪುರದಲ್ಲಿ ನಾವು ಸಣ್ಣವರಿದ್ದಾಗ ನಮ್ಮ ಓಣಿಯ ಹಾಳುಬಾವಿಯ ಬಗ್ಗೆ ಏನೇನೋ ಹೇಳುತ್ತಿದ್ದರು. ಅದರೊಳಗೆ ಇಳಿದು, ಪಾರಿವಾಳದ ಮೊಟ್ಟೆ ತಂದು ಎಲ್ಲರ ಮುಂದೆ ಇಟ್ಟವನು ನಾನು. ಮುಂದೆ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ನೌಕರಿ ಸಿಕ್ಕ ಮೇಲಂತೂ ಈ ಮೊಂಡುತನ ಇನ್ನಷ್ಟು ಗಟ್ಟಿಯಾಯಿತು. ಒಂದು ಗೇಟಿನಲ್ಲಿ ಫೋನು ತಾನಾಗಿ ಬಡಿದುಕೊಳ್ಳುತ್ತದೆ, ಎತ್ತಿದರೆ ಯಾರೂ ಮಾತಾಡುವುದಿಲ್ಲ ಎಂದು ಗೇಟ್‌ಮನ್ ಹೆದರಿ ತಾಯತ ಕಟ್ಟಿಸಿಕೊಂಡಿದ್ದ. ನಾನು ಹೋಗಿ ಪೆಟ್ಟಿಗೆ ಬಿಚ್ಚಿದರೆ ಎರಡು ತಂತಿಗಳ ನಡುವೆ ಹಲ್ಲಿಯೊಂದು ಸತ್ತು ಒಣಗಿ ಅಂಟಿಕೊಂಡಿತ್ತು. ಅದನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟು, "ತಗೋ, ನಿನ್ನ ದೆವ್ವ" ಎಂದು ನಕ್ಕು ಬಂದಿದ್ದೆ.

ಹಾಗೆ ನಕ್ಕವನೇ ಈಗ ಇದನ್ನು ಬರೆಯುತ್ತಿದ್ದೇನೆ. ನಂಬಿರಿ ಎಂದು ನಿಮಗೆ ಹೇಳುವುದಿಲ್ಲ. ಆದದ್ದನ್ನು ಆದಂತೆ ಹೇಳುತ್ತೇನೆ, ಅಷ್ಟೆ. ನಿವೃತ್ತಿಯಾಗಿದೆ, ನೌಕರಿಯ ಅಂಜಿಕೆಯೂ ಈಗಿಲ್ಲ.

ಯಾದಗಿರಿಯಿಂದ ಸ್ವಲ್ಪ ದೂರದಲ್ಲಿ, ಭೀಮಾ ದಂಡೆಯ ಹಳ್ಳಿಗಳಿಗೆ ಹೋಗುವ ರಸ್ತೆಯೊಂದು ರೈಲು ಹಳಿಯನ್ನು ದಾಟುವ ಕಡೆ ಆಗ ಒಂದು ಗೇಟು ಇತ್ತು. ಈಗ ಅದನ್ನು ಮುಚ್ಚಿ ಕೆಳಸೇತುವೆ ಮಾಡಿದ್ದಾರೆ. ಗೇಟಿನ ಪಕ್ಕದಲ್ಲಿ ಒಂದೇ ಕೋಣೆಯ ಮನೆ. ಅದರ ಗೋಡೆಗೆ ಎಚ್ಚರಿಕೆಯ ಗಂಟೆ. ಈ ಗಂಟೆ ಹೇಗೆ ಬಡಿಯುತ್ತದೆ ಎಂಬುದನ್ನು ಒಂದಿಷ್ಟು ಹೇಳಬೇಕು. ಗೇಟಿನಿಂದ ಸಾಕಷ್ಟು ದೂರದಲ್ಲಿ ಹಳಿಯೊಳಗೆ ಸಣ್ಣ ಕರೆಂಟು ಹರಿಯುವಂತೆ ಮಾಡಿರುತ್ತಾರೆ. ಗಾಡಿಯ ಗಾಲಿ ಆ ಹಳಿಯನ್ನು ಏರಿದ ಕೂಡಲೇ ಕರೆಂಟಿನ ದಾರಿ ಬದಲಾಗಿ ಇತ್ತ ಕೋಣೆಯಲ್ಲಿ ಗಂಟೆ ಬಡಿಯುತ್ತದೆ. ಗೇಟು ಕಾಯುವವರು ಹೊರಗೆ ಬಂದು ಹಿಡಿಕೆ ತಿರುವಿ ಅಡ್ಡಗಂಬ ಇಳಿಸುತ್ತಾರೆ. ಗಾಲಿ ಇಲ್ಲದೆ ಗಂಟೆ ಇಲ್ಲ. ಕರೆಂಟು ಇಲ್ಲದೆಯೂ ಗಂಟೆ ಇಲ್ಲ.

ಆ ಗೇಟಿನಲ್ಲಿ ಹಗಲು ಪಾಳಿಗೆ ಸಾಬಮ್ಮ ಇದ್ದಳು. ಅವಳ ಗಂಡ ಹಳಿ ರಿಪೇರಿಯ ಕೆಲಸದಲ್ಲಿದ್ದು ಜಾಂಡೀಸಾಗಿ ತೀರಿಹೋದ ಮೇಲೆ ಅವಳಿಗೆ ಈ ನೌಕರಿ ಕೊಟ್ಟಿದ್ದರು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಮಾತು ಕಡಿಮೆ, ಕೆಲಸ ಬರೋಬ್ಬರಿ. ಒಂದು ಯುಗಾದಿಯ ನಂತರದ ದಿನಗಳಲ್ಲಿ ಅವಳ ಗೇಟಿನಿಂದ ತಕರಾರು ಬಂತು. ಮೂರು ದಿನಗಳಿಂದ ಮಧ್ಯಾಹ್ನ ನಾಲ್ಕೂಕಾಲಿಗೆ ಗಂಟೆ ಬಡಿಯುತ್ತದೆ, ಗಾಡಿ ಮಾತ್ರ ಬರುವುದಿಲ್ಲ ಎಂದು. ನಾಲ್ಕನೆಯ ದಿನ ನನ್ನನ್ನು ಕಳಿಸಿದರು.

ನಾನು ಮುಟ್ಟಿದಾಗ ಮೂರೂವರೆ. ಹೊರಗೆ ಬಿಸಿಲು ಕೆಂಡದಂತಿತ್ತು. ಸಾಬಮ್ಮ ಬೇವಿನ ನೆರಳಲ್ಲಿ ನಿಂತಿದ್ದಳು, ಮಾರಿ ಬಾಡಿತ್ತು.

"ಗಾಡಿ ಇಲ್ಲ, ಏನಿಲ್ಲ, ಗಂಟಿ ಬಡಿತೈತ್ರಿ ಸಾಹೇಬ್ರ. ಬಡದ ಮ್ಯಾಲೆ ಗೇಟ್ ಹಾಕದ ಬಿಡಾಕ ಬರಂಗಿಲ್ಲ. ಹಾಕಿದ್ರ ಮಂದಿ ಬಾಯಿಗೆ ಬಂದಂಗ ಬೈತಾರ. ನಿನ್ನ ಕಿವಿ ಕೆಟ್ಟಾವ, ನಿನ್ನ ತೆಗೆದು ಬ್ಯಾರೆಯವರನ್ನ ಹಾಕ್ತೀವಿ ಅಂತ ದೊಡ್ಡ ಸಾಹೇಬ್ರು ಅಂದಾರ. ನೌಕರಿ ಹೋದ್ರ ಎರಡು ಹುಡುಗ್ರನ್ನ ಕಟಗೊಂಡು ನಾ ಎಲ್ಲಿ ಹೋಗ್ಲಿರಿ?"

"ಅಂಜಬ್ಯಾಡ ತಂಗಿ," ಎಂದೆ. "ಗಂಟಿ ಕೆಟ್ಟೈತೋ, ಕಿವಿ ಕೆಟ್ಟಾವೋ, ಇವತ್ತ ನೋಡೇಬಿಡ್ತೀನಿ."

ಸ್ಟೇಷನ್ನಿಗೆ ಫೋನು ಮಾಡಿದೆ. ಮೇಲಿನ ಕಡೆ ಹಳಿ ದುರಸ್ತಿ ನಡೆದಿದೆ, ಐದರ ತನಕ ಎರಡೂ ಹಳಿಗಳ ಮೇಲೆ ಯಾವ ಗಾಡಿಯೂ ಇಲ್ಲ ಎಂದರು. ಇಂಥ ಗಂಟೆಯನ್ನು ಬಿಚ್ಚುವ ಮೊದಲು ಕಾಗದ ಬರೆದು, ಸ್ಟೇಷನ್ ಮಾಸ್ಟರರ ಸಹಿ ಪಡೆಯಬೇಕು. ಅದು ನಿಯಮ. ಗಾಡಿಯೇ ಇಲ್ಲದ ಮೇಲೆ ಅರ್ಧ ತಾಸಿನ ಕೆಲಸಕ್ಕೆ ಕಾಗದ ಯಾತಕ್ಕೆ ಎಂದುಕೊಂಡೆ. ಬರೆಯಲಿಲ್ಲ. ಇದು ನನ್ನ ತಪ್ಪು. ಇಷ್ಟು ವರ್ಷ ಒಬ್ಬರನ್ನು ಬಿಟ್ಟರೆ ಯಾರ ಮುಂದೆಯೂ ಹೇಳಿಲ್ಲ.

ಫ್ಯೂಸು ತೆಗೆದೆ. ಗಂಟೆಯ ಎರಡೂ ತಂತಿ ಬಿಚ್ಚಿದೆ. ಮೊಳೆ ಸಡಿಲಿಸಿ ಗಂಟೆಯನ್ನೇ ಗೋಡೆಯಿಂದ ಇಳಿಸಿ, ಸ್ಟೂಲಿನ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡೆ. ಸಾಬಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಇವತ್ತ ಹೆಂಗ ಬಡೀತೈತಿ ಬಡೀಲಿ ನೋಡೂಣು" ಎಂದು ನಗಾಡಿದೆ. ಅವಳು ನಗಲಿಲ್ಲ. ಹೊರಗೆ ಹೋಗಿ ಗೇಟಿನ ಹಿಡಿಕೆಯ ಹತ್ತಿರ ಕೂತಳು.

ಒಳಗೆ ಅಂಥ ದೋಷವೇನೂ ಕಾಣಲಿಲ್ಲ. ಹಲ್ಲಿ ಇಲ್ಲ, ಇರುವೆ ಇಲ್ಲ, ತುಕ್ಕೂ ಇಲ್ಲ. ಉಜ್ಜುಕಾಗದದಿಂದ ಒಳಗಿನ ತಗಡುಗಳನ್ನು ಉಜ್ಜುತ್ತ ಕೂತೆ. ಆ ಹೊತ್ತಿಗೆ ಗಾಳಿ ಎದ್ದಿತು. ನಮ್ಮ ಕಡೆ ಬೇಸಿಗೆಯಲ್ಲಿ ಏಳುವ ಗಾಳಿ ಗೊತ್ತಲ್ಲ, ಕರಿಹೊಲದ ಧೂಳೆಲ್ಲ ಎದ್ದು ಮುಗಿಲಿಗೆ ಹೋಗುತ್ತದೆ. ಕಿಟಕಿಯಾಚೆ ಹಳಿ ಕಾಣದಾಯಿತು. ದೂರದಿಂದ ಒಂದು ಟಂಟಂ ಆಟೋ ಬರುವ ಸಪ್ಪಳ ಮಾತ್ರ ಕೇಳುತ್ತಿತ್ತು. ಮೆಣಸಿನಕಾಯಿ ಬಿಡಿಸಲು ಹೋದ ಕೂಲಿ ಹೆಂಗಸರನ್ನು ಊರಿಗೆ ಕರೆತರುವ ಟಂಟಂ.

ಆಗ, ಸರಿಯಾಗಿ ನಾಲ್ಕೂಕಾಲಿಗೆ, ನನ್ನ ಕೈಯಲ್ಲಿದ್ದ ಗಂಟೆ ಬಡಿಯಿತು.

ಎಲ್ಲೋ ದೂರದ ಸಪ್ಪಳ ಕಿವಿಗೆ ಬಿತ್ತು ಎನ್ನುವ ಹಾಗಿರಲಿಲ್ಲ. ಒಳಗಿನ ಸಣ್ಣ ಸುತ್ತಿಗೆ ನನ್ನ ಹೆಬ್ಬೆರಳ ಉಗುರಿಗೆ ಟಪಟಪನೆ ಬಡಿಯಿತು, ನೋವಾಯಿತು. ಬಟ್ಟಲಿನಂಥ ಗಂಟೆಯ ನಡುಕ ತೊಡೆಯ ಮೂಳೆಯ ತನಕ ಹೋಯಿತು. ತಂತಿಯ ಎರಡೂ ತುದಿ ಎದುರಿನ ಗೋಡೆಯಲ್ಲಿ ಜೋತಾಡುತ್ತಿದ್ದವು. ಫ್ಯೂಸು ನನ್ನ ಅಂಗಿಯ ಕಿಸೆಯಲ್ಲಿತ್ತು. ಕೈ ಬಿಟ್ಟರೆ ಗಂಟೆ ಕೆಳಗೆ ಬೀಳುತ್ತದೆ, ಬಿಡಬೇಕು ಎನಿಸಿತು, ಬೆರಳು ಬಿಡಲಿಲ್ಲ. ಕೂಗೋಣವೆಂದರೆ ನಾಲಿಗೆ ಅಂಗುಳಿಗೆ ಹತ್ತಿಕೊಂಡಿತ್ತು. ಎಷ್ಟು ಹೊತ್ತು ಹಾಗೆ ಬಡಿಯಿತೋ ಹೇಳಲಾರೆ. ಒಂದು ಉಸಿರು, ಎರಡು ಉಸಿರು. ಆಮೇಲೆ ನಿಂತಿತು. ಹೊರಗೆ ಹಿಡಿಕೆ ತಿರುಗುವ ಕರ್ ಕರ್ ಸಪ್ಪಳ ಬಂತು. ಸಾಬಮ್ಮ ಗೇಟು ಹಾಕುತ್ತಿದ್ದಳು. ಅವಳಿಗೂ ಗಂಟೆ ಕೇಳಿಸಿದೆ ಎಂದುಕೊಂಡೆ.

ಗಂಟೆಯನ್ನು ನೆಲದ ಮೇಲಿಟ್ಟು ಹೊರಗೆ ಬಂದೆ. ನಿಜ ಹೇಳುತ್ತೇನೆ, ಒಳಗಿನ ಅಂಜಿಕೆ ಹೊರಗೆ ಬರುವಷ್ಟರಲ್ಲಿ ಸಿಟ್ಟಾಗಿ ತಿರುಗಿತ್ತು. ಇಷ್ಟು ವರ್ಷ ತಂತಿ ನಂಬಿ ಬದುಕಿದವನು ನಾನು. ಅಂಥವನು ಒಂದು ಕಳಚಿಟ್ಟ ಗಂಟೆಗೆ ಹೆದರಿದೆನಲ್ಲ ಎಂಬ ನಾಚಿಕೆ. ಅಡ್ಡಗಂಬದ ಆಚೆ ಟಂಟಂ ನಿಂತಿತ್ತು. ಒಳಗೆ ಹನ್ನೆರಡು ಹದಿಮೂರು ಹೆಂಗಸರು ಸೆರಗಿನಿಂದ ಮಾರಿ ಮುಚ್ಚಿಕೊಂಡು ಒಬ್ಬರ ಮೇಲೊಬ್ಬರು ಕೂತಿದ್ದರು. ಒಬ್ಬಳ ಮಡಿಲಲ್ಲಿ ಕೂಸು. ಓಡಿಸುವವನು ಹಾರ್ನ್ ಒತ್ತಿ ಒತ್ತಿ ಬೈಯುತ್ತಿದ್ದ.

"ತೆಗಿ ಸಾಬಮ್ಮ," ಎಂದೆ. "ಗಾಡಿ ಇಲ್ಲ ಅಂತ ನಾನೇ ಕೇಳೀನಿ. ಗಾಳ್ಯಾಗ ಮಂದೀನ ಯಾಕ ನಿಲ್ಲಿಸ್ತಿ?"

ಅವಳು ನನ್ನ ಮಾರಿಯನ್ನೇ ನೋಡಿದಳು. "ತೆಗ್ಯಾಂಗಿಲ್ರಿ."

"ನಾ ಹೇಳಾಕತ್ತೀನಿ, ತೆಗಿ."

"ಒಲ್ಲೆರಿ ಸಾಹೇಬ್ರ. ನೌಕರಿ ತಗೀರಿ ಬೇಕಾದ್ರ."

ನಾನು ಅವಳನ್ನು ಸರಿಸಿ ಹಿಡಿಕೆಗೆ ಕೈ ಹಾಕಿದೆ. ಒಂದು ಸುತ್ತು ತಿರುವಿದೆ. ಅಡ್ಡಗಂಬ ಒಂದು ಗೇಣು ಎದ್ದಿತು. ಟಂಟಂನವನು ಗೇರು ಹಾಕಿದ ಸಪ್ಪಳ ಕೇಳಿತು. ಆಗ ಸಾಬಮ್ಮ ತನ್ನ ಮೈಯೆಲ್ಲ ಹಿಡಿಕೆಯ ಮೇಲೆ ಹೇರಿ, ಎರಡೂ ತೋಳಿನಿಂದ ಅದನ್ನು ತಬ್ಬಿಕೊಂಡುಬಿಟ್ಟಳು. ಕಂಬ ಮತ್ತೆ ಇಳಿಯಿತು. ನಾನು ಅವಳ ರಟ್ಟೆ ಹಿಡಿದು ಎಳೆಯುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಡೆದದ್ದು ಇದೇ.

ಧೂಳಿನೊಳಗಿಂದ ಅದು ಬಂತು. ಹಾರ್ನ್ ಇಲ್ಲ, ದೀಪ ಇಲ್ಲ, ಎಂಜಿನ್ನೇ ಇಲ್ಲ. ಗೋಡೆಯೊಂದು ಜಾರಿ ಬಂದಂತೆ ಎರಡು ವ್ಯಾಗನ್ನುಗಳು ನಮ್ಮ ಮುಂದಿನಿಂದ ಹಾದುಹೋದವು. ತುಂಬ ಜಲ್ಲಿ. ಅಂಚಿನಿಂದ ಉದುರಿದ ಕಲ್ಲುಗಳು ಹಳಿಗೆ ಬಡಿದು ಸಿಡಿದವು; ಒಂದು ನನ್ನ ಮೊಣಕಾಲಿಗೆ ಬಡಿಯಿತು. ಗಾಳಿಯ ಅಬ್ಬರದಲ್ಲಿ ಅವು ಹತ್ತಿರ ಬರುವ ತನಕ ಸಪ್ಪಳವೇ ಕೇಳಿರಲಿಲ್ಲ. ಮತ್ತೆ ಧೂಳಿನೊಳಗೆ ಹೋಗಿ ಕಾಣದಾದವು.

ಟಂಟಂ ಓಡಿಸುವವನು ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ಕೂತುಬಿಟ್ಟಿದ್ದ. ಹಿಂದಿನ ಹೆಂಗಸರೊಳಗಿಂದ ಮುದುಕಿಯೊಬ್ಬಳು ಕೆಳಗಿಳಿದು ಬಂದು, ಸಾಬಮ್ಮನ ಎರಡೂ ಗಲ್ಲ ಸವರಿ ಲಟಿಕೆ ಮುರಿದಳು.

ಆಗ ಒಳಗೆ ಫೋನು ಬಡಿದುಕೊಂಡಿತು. ಸ್ಟೇಷನ್ನಿನವರು. ದುರಸ್ತಿ ನಡೆದ ಕಡೆ ಇಳಿಜಾರಿನಲ್ಲಿ ನಿಲ್ಲಿಸಿದ್ದ ವ್ಯಾಗನ್ನುಗಳು ಗಾಳಿಗೆ ಜಾರಿ ಹೊರಟಿವೆ, ಗೇಟು ಹಾಕಿ, ಗೇಟು ಹಾಕಿ ಎಂದು ಒದರುತ್ತಿದ್ದರು. ಹಾಕಿದೆ, ದಾಟಿಹೋದವು ಎಂದೆ. ಅವು ಮುಂದೆ ಏರು ಸಿಕ್ಕಲ್ಲಿ ತಾವಾಗಿಯೇ ನಿಂತವು. ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ನಾನು ಮಾಡಿದ ಕೆಲಸ ಇದು: ಬಾಗಿಲು ಮುಂದೆ ಮಾಡಿ, ಗಂಟೆಯನ್ನು ಮತ್ತೆ ಗೋಡೆಗೆ ಜೋಡಿಸಿದೆ. ತಂತಿ ಕಟ್ಟಿದೆ, ಫ್ಯೂಸು ಹಾಕಿದೆ. ತನಿಖೆಯವರು ಬಂದಾಗ ಎಲ್ಲ ಸರಿಯಾಗಿತ್ತು. ಗಂಟೆ ಬಡಿಯಿತು, ಗೇಟು ಹಾಕಲಾಯಿತು ಎಂದು ನಾನು ಬರೆದುಕೊಟ್ಟೆ. ಸಾಬಮ್ಮ ತನ್ನ ಪಾಲಿಗೆ "ಹೌದ್ರಿ, ಗೇಟ್ ಹಾಕಿದೆ" ಎಂದಷ್ಟೇ ಹೇಳಿದಳು. ಅವಳಿಗೆ ಶಾಲು ಹೊದಿಸಿದರು. ನನಗೂ ಒಂದು ಮೆಚ್ಚುಗೆಯ ಪತ್ರ ಬಂತು. ಅದನ್ನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ. ಆ ದಿನದ ನಂತರ ನಾಲ್ಕೂಕಾಲಿಗೆ ಗಂಟೆ ಸುಮ್ಮನೆ ಬಡಿದ ತಕರಾರು ಮತ್ತೆ ಬರಲಿಲ್ಲ.

ಆ ರಾತ್ರಿಯಿಂದ ಹಲವು ತಿಂಗಳು ನನಗೆ ಗಂಟೆಯ ಸಪ್ಪಳ ತಾಳಲಾಗುತ್ತಿರಲಿಲ್ಲ. ಗುಡಿಗೆ ಹೋದರೆ ಹೊರಗೇ ನಿಲ್ಲುತ್ತಿದ್ದೆ. ನನ್ನ ಜೊತೆ ದುಡಿದ ಹಿರಿಯರೊಬ್ಬರಿಗೆ ಮಾತ್ರ ಒಮ್ಮೆ ಎಲ್ಲ ಹೇಳಿದೆ. ಅವರು ನಿಧಾನವಾಗಿ ಕೇಳಿ, "ಮ್ಯಾಲೆ ದೊಡ್ಡ ಕರೆಂಟಿನ ತಂತಿ ಹೋಗ್ಯಾವಲ್ಲ, ಅದರಿಂದ ಸುತ್ತಮುತ್ತಲ ತಂತ್ಯಾಗ ಒಂದೀಟು ಕರೆಂಟ್ ಹುಟ್ತೈತಿ. ನೀ ಒಂದ ತಂತಿ ಬಿಚ್ಚೋದು ಮರ್ತಿರಬೇಕು, ಅಷ್ಟ" ಎಂದರು. ಇರಬಹುದು ಎಂದುಕೊಂಡೆ. ಜೋತಾಡುತ್ತಿದ್ದ ಎರಡು ತುದಿ ಕಣ್ಣಿಗೆ ಕಟ್ಟಿದಂತಿದ್ದರೂ, ಕಣ್ಣು ಸುಳ್ಳು ಹೇಳಿರಬೇಕು ಎಂದು ಮನಸ್ಸನ್ನು ಒಪ್ಪಿಸಿದೆ. ಹಾಗೆ ಒಪ್ಪಿಸಿಕೊಂಡ ಮೇಲೆ ನಿದ್ದೆಯೂ ಹತ್ತತೊಡಗಿತು.

ಹೋದ ವರ್ಷ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಸಾಬಮ್ಮ ಸಿಕ್ಕಳು. ಬೇರೊಂದು ಗೇಟಿಗೆ ವರ್ಗವಾಗಿ ಹೋದವಳನ್ನು ನೋಡಿ ಬಹಳ ದಿನವಾಗಿತ್ತು. ಸುರಪುರದಲ್ಲಿದ್ದ ತಂಗಿಯ ಮನೆಗೆ ಹೊರಟಿದ್ದಳು. ಮಗಳ ಲಗ್ನವಾಗಿದೆ, ಮಗ ಐಟಿಐ ಓದುತ್ತಾನೆ ಎಂದಳು. ಚಹಾ ಕುಡಿಯುತ್ತ, ಅವಳ ರಟ್ಟೆ ಹಿಡಿದು ಎಳೆದದ್ದಕ್ಕೆ ತಪ್ಪಾಯಿತು ಎಂದೆ. "ಅಯ್ಯ, ಬಿಡ್ರಿ" ಎಂದು ನಕ್ಕಳು. ನನಗೆ ಧೈರ್ಯ ಬಂದು, "ಅವತ್ತ ಆ ಗಂಟಿ ಸಪ್ಪಳ ಕೇಳಿ ನೀನೂ ಅಂಜಿದ್ದಿ, ಹೌದಲ್ಲ?" ಎಂದು ಕೇಳಿದೆ.

ಅವಳು ಕಪ್ಪನ್ನು ಕೆಳಗಿಟ್ಟಳು.

"ಗಂಟಿ ನಾ ಕೇಳಿಲ್ರಿ. ಗಂಟಿ ನಿಮ್ಮ ತೊಡಿ ಮ್ಯಾಲೆ ಬಿಚ್ಚಿತ್ತಲ್ರಿ, ಹೆಂಗ ಬಡೀತೈತಿ? ನೀವು ಒಳಗಿಂದ ಒದರಿದ್ರಿ. ಸಾಬಮ್ಮ ಗೇಟ್ ಹಾಕು, ಗೇಟ್ ಹಾಕು ಅಂತ, ಎರಡು ಸಲ. ಅದಕ್ಕ ಹಾಕಿದೆ. ಆಮ್ಯಾಲೆ ನೀವ ಹೊರಗ ಬಂದು ತೆಗಿ ಅಂದ್ರಿ. ಒಳಗಿನ ದನಿಯಾಗ ಅಂಜಿಕಿ ಇತ್ರಿ, ಹೊರಗಿನ ಮಾತಿನಾಗ ಬರೇ ಸಿಟ್ಟಿತ್ತು. ಅಂಜಿಕೀನ ಖರೆ ಅಂತ ತಿಳ್ಕೊಂಡು ನಾ ಹಿಡಕಿ ಬಿಡಲಿಲ್ಲ."

"ನಾನು ಒದರಲೇ ಇಲ್ಲ ಸಾಬಮ್ಮ. ನನ್ನ ನಾಲಿಗೇನ ಹೊಳ್ಳಲಿಲ್ಲ."

"ನಿಮ್ಮ ದನಿನೇರಿ," ಎಂದಳು ಅವಳು. "ನನಗ ಗೊತ್ತಿಲ್ಲೇನ್ರಿ ನಿಮ್ಮ ದನಿ?"

ಸುರಪುರದ ಬಸ್ಸು ಬಂತು. ಅವಳು ಚೀಲ ಎತ್ತಿಕೊಂಡು ಹತ್ತಿದಳು. ನಾನು ಯಾದಗಿರಿಯ ಬಸ್ಸು ಬಂದು ಹೋದರೂ ಎದ್ದಿರಲಿಲ್ಲ.

ತಂತಿಯದ್ದಾದರೆ ಏನಾದರೊಂದು ಹೇಳಬಹುದು. ಇದಕ್ಕೆ ಏನು ಹೇಳಲಿ? ಈಗ ಮನೆಯಲ್ಲಿ ಕೆಲವೊಮ್ಮೆ ನಾನು ಸುಮ್ಮನೆ ಕೂತಿರುವಾಗ ಹೆಂಡತಿ ಅಡಿಗೆಮನೆಯಿಂದ ಬಂದು, "ಕರೆದ್ರೇನು?" ಎಂದು ಕೇಳುತ್ತಾಳೆ. ಯಾರ ಮನೆಯಲ್ಲಾದರೂ ಆಗುವ ಮಾತು ಅದು. ಆದರೆ ಇಲ್ಲ, ನಾನು ಕರೆಯಲಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಹೌದು ಎನ್ನುತ್ತೇನೆ, ಒಂದು ತಂಬಿಗೆ ನೀರು ಕೇಳುತ್ತೇನೆ. ಅವಳು ತರಲು ಹೋದಾಗ ಎದ್ದು ಬಾಗಿಲಿಗೆ ಬಂದು, ಹೊರಗೆ ಏನು ಬರುತ್ತಿದೆಯೋ ಎಂದು ರಸ್ತೆಯ ಎರಡೂ ಕಡೆ ನೋಡುತ್ತೇನೆ.