ಯಾವ ಕಾಗದದಲ್ಲೂ ಇಲ್ಲದ ಪ್ರಶ್ನೆ

ಕೊರೊನಾ ಕಳೆದು ಕೋರ್ಟುಗಳು ಮತ್ತೆ ತುಂಬಿಕೊಂಡ ವರ್ಷ ಅದು. ಮಧುಗಿರಿಯಲ್ಲಿ ನಾನು ಕ್ರಿಮಿನಲ್ ವಕೀಲಿಕೆ ಶುರುಮಾಡಿ ಇಪ್ಪತ್ತಾರು ವರ್ಷವಾಗಿತ್ತು. ವಕೀಲರನ್ನು ಇಟ್ಟುಕೊಳ್ಳಲಾಗದ ಆರೋಪಿಗಳಿಗೆ ಸರ್ಕಾರ ಒದಗಿಸುವ ಕಾನೂನು ನೆರವಿನ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಪಾಟೀಸವಾಲಿನಲ್ಲಿ, ಅಂದರೆ ಎದುರುಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದರಲ್ಲಿ, ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು. ಆ ಜಂಬ ಇಳಿದದ್ದು ಒಂದೇ ಪ್ರಶ್ನೆಯಿಂದ, ಅದೂ ನಾನೇ ಕೇಳಿದ್ದರಿಂದ.

ದೊಡ್ಡೇರಿ ಹೋಬಳಿಯ ಒಂದು ಹಳ್ಳಿಯಲ್ಲಿ ನಾಲ್ಕು ವರ್ಷದ ಹುಡುಗ ಟಾರ್ಪಾಲು ಹಾಸಿದ ಕೃಷಿ ಹೊಂಡದಲ್ಲಿ ಮುಳುಗಿ ಸತ್ತಿದ್ದ. ಹೊಂಡದ ಪಕ್ಕದ ದಾರಿಗಾಗಿ ಆ ಮನೆಯವರ ಜೊತೆ ಜಗಳವಾಡಿದ್ದ ಕುರಿಗಾಹಿ ಈರಣ್ಣನ ಮೇಲೆ ಕೊಲೆಯ ಆರೋಪ ಬಂತು. ಅವನು ಮಗುವನ್ನು ನೂಕಿದ್ದನ್ನು ಕಂಡೆ ಎಂದು ಊರಿನವನೊಬ್ಬ ಸಾಕ್ಷಿ ಹೇಳಿದ್ದ. ಹದಿನಾಲ್ಕು ತಿಂಗಳಿಂದ ಜೈಲಿನಲ್ಲಿದ್ದ ಈರಣ್ಣ ನನ್ನನ್ನು ಕಂಡಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದ: "ಆ ಕೂಸನ್ನ ನಾನ್ಯಾಕ್ ನೂಕ್ಲಿ ಸಾಮಿ? ದಿನಾ ಬಂದು ನನ್ ಕುರಿಮರಿ ಎತ್ಕೊಂಡು ಆಡ್ತಿತ್ತು." ನಾನು ನಂಬಿದೆ. ಈಗಲೂ ನಂಬುತ್ತೇನೆ.

ಚಾರ್ಜ್‌ಶೀಟಿನ ಜೊತೆ ಹುಡುಗನ ಹನ್ನೊಂದು ಫೋಟೋಗಳಿದ್ದವು. ಎಲ್ಲದರಲ್ಲೂ ಒಂದೇ ಕಾಲಿಗೆ ಚಪ್ಪಲಿ. ಗಾಯದ ಗುರುತು ಇದೆಯೇ ಎಂದು ಆ ಫೋಟೋಗಳನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ನಮ್ಮ ಕೆಲಸವೇ ಅದು, ಕಣ್ಣು ತಿರುಗಿಸುವಂತಿಲ್ಲ.

ಹುಡುಗನ ತಾಯಿ ರತ್ನಮ್ಮ ಸಾಕ್ಷಿ ಹೇಳಲು ಬಂದರು. ತಾನು ಅಂಗಳದಲ್ಲಿ ರಾಗಿ ಕೇರುತ್ತಿದ್ದೆ, ಮಗು ಪಕ್ಕದಲ್ಲೇ ಆಡುತ್ತಿತ್ತು, ತಲೆಯೆತ್ತಿ ನೋಡುವಷ್ಟರಲ್ಲಿ ಇರಲಿಲ್ಲ ಎಂದರು. ನನ್ನ ಸರದಿ ಬಂತು. ನಮ್ಮಲ್ಲಿ ಸಜೆಷನ್ ಎಂಬ ಪದ್ಧತಿಯಿದೆ. ನಮ್ಮ ವಾದವನ್ನು ಪ್ರಶ್ನೆಯ ರೂಪದಲ್ಲಿ ಸಾಕ್ಷಿಯ ಮುಂದಿಡಬೇಕು. ಇಡದಿದ್ದರೆ ಅವರ ಮಾತನ್ನು ನಾವು ಒಪ್ಪಿದಂತಾಗುತ್ತದೆ. ಸಾಕ್ಷಿ ಅದನ್ನು ಅಲ್ಲಗಳೆದರೆ "ಸರಿಯಲ್ಲ" ಎಂದು ದಾಖಲಾಗುತ್ತದೆ, ಅಲ್ಲಿಗೆ ಮುಗಿಯಿತು. ಮಗು ತಾನಾಗಿಯೇ ಜಾರಿಬಿತ್ತು ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಮಾತಿನ ಹುರುಪಿನಲ್ಲಿ ಒಂದು ಹೆಜ್ಜೆ ಮುಂದೆ ಹೋದೆ.

"ಮಗು ಹೊಂಡದ ಕಡೆ ಹೋದಾಗ ನೀವು ಫೋನಿನಲ್ಲಿ ಮಾತಾಡುತ್ತ ಕೂತಿದ್ದಿರಿ ಎಂದರೆ ಸರಿಯೇ?"

ಆಕೆ ನನ್ನನ್ನೇ ನೋಡಿದರು. "ಇಲ್ಲ" ಎಂದರು. "ಸರಿಯಲ್ಲ" ಎಂದು ಬೆರಳಚ್ಚಾಯಿತು.

ಮಧ್ಯಾಹ್ನ ಮೆಟ್ಟಿಲ ಹತ್ತಿರ ಆಕೆ ಎದುರಿಗೆ ಬಂದು ನಿಂತರು. "ಸಾರ್, ನಾನು ಫೋನಲ್ಲಿದ್ದೆ ಅಂತ ಯಾವ ಕಾಗ್ದದಾಗೆ ಐತೆ? ಪೊಲೀಸ್ನೋರು ಬರ್ದವ್ರಾ?"

ಯಾವ ಕಾಗದದಲ್ಲೂ ಇರಲಿಲ್ಲ. ಆದರೆ ವಿಚಾರಣೆ ನಡೆಯುತ್ತಿರುವಾಗ ಎದುರುಪಕ್ಷದ ಸಾಕ್ಷಿಯೊಡನೆ ಕೇಸಿನ ಮಾತಾಡಬಾರದು. ನಿಯಮ ನನ್ನ ಬೆನ್ನಿಗಿತ್ತು. ತಲೆ ತಗ್ಗಿಸಿ ಪಕ್ಕದಿಂದ ಹೋಗಿಬಿಟ್ಟೆ.

ಆಮೇಲೆ ಮನೆಯಲ್ಲಿ ನನ್ನ ವರ್ತನೆ ಕೆಟ್ಟಿತು. ನೀರಿನ ಸಂಪಿನ ಮುಚ್ಚಳದ ಮೇಲೆ ಒಂದು ಚಪ್ಪಡಿ ಎಳೆದಿಟ್ಟೆ. ವಾರ ಕಳೆದು ಇನ್ನೊಂದು. ಮೊಮ್ಮಗಳನ್ನು ಕರೆದುಕೊಂಡು ಕೊರಟಗೆರೆಯಿಂದ ಬಂದ ಮಗಳು ಫೋನಿನಲ್ಲಿ ಮಾತಾಡುತ್ತಿದ್ದಾಗ, ಅದನ್ನು ಕಿತ್ತು ಎಸೆದೆ. ಮಗು ಹೆದರಿ ಅತ್ತಿತು. ಹೆಂಡತಿ ಅವತ್ತು ಸುಮ್ಮನಿರಲಿಲ್ಲ. "ನೀರು ಬಿಟ್ಟಾಗ್ಲೆಲ್ಲ ಈ ಕಲ್ಲು ಸರ್ಸೋಕೆ ಯಾರ್ನ ಕರೀಲಿ? ಯಾರ ಮನೆ ಮಗೂನ ರೀ ನೀವು ಇಲ್ಲಿ ಕಾಯ್ತಿರೋದು?"

ಆಕೆಯೇ ಎಳೆದುಕೊಂಡು ಹೋಗಿ ಮನೋವೈದ್ಯರ ಮುಂದೆ ಕೂರಿಸಿದಳು. ಬೇರೆಯವರ ದುರಂತವನ್ನು ದಿನವೂ ಓದಿ, ನೋಡಿ, ಕೇಳುವವರಿಗೂ ಆ ಪೆಟ್ಟು ತಾಗುತ್ತದೆ, ಅದಕ್ಕೆ ಸೆಕೆಂಡರಿ ಟ್ರಾಮಾ ಎನ್ನುತ್ತಾರೆ ಎಂದು ಡಾಕ್ಟರು ವಿವರಿಸಿದರು. ಫೈಲು ಮನೆಗೆ ತರಬೇಡಿ, ಬೆಳಿಗ್ಗೆ ನಡೆಯಿರಿ, ಫೋಟೋಗಳನ್ನು ಬೇಕಾದಷ್ಟೇ ನೋಡಿ ಮುಚ್ಚಿಡಿ ಎಂದರು. ಎಲ್ಲವನ್ನೂ ಪಾಲಿಸಿದೆ, ಗುಣವೂ ಕಂಡಿತು. ಕಲ್ಲು ಮಾತ್ರ ಸಂಪಿನ ಮೇಲೇ ಇತ್ತು. ಮೂರನೇ ಭೇಟಿಯಲ್ಲಿ ಅವರು, "ಕಂಡದ್ದನ್ನೆಲ್ಲ ಹೇಳಿದಿರಿ. ನೀವು ಮಾಡಿದ್ದೇನಾದರೂ ಇದೆಯೇ?" ಎಂದು ಕೇಳಿದರು. ಪಾಟೀಸವಾಲಿನ ಹುಲಿ ಅಂದು ತಡವರಿಸುತ್ತಲೇ ಫೋನಿನ ಪ್ರಶ್ನೆಯನ್ನು ಬಾಯಿಬಿಟ್ಟಿತು.

ಈರಣ್ಣನಿಗೆ ಬಿಡುಗಡೆಯಾಯಿತು. ನೂಕಿದ್ದನ್ನು ಕಂಡೆನೆಂದ ಸಾಕ್ಷಿ ನಿಂತಿದ್ದ ಜಾಗದಿಂದ ಹೊಂಡ ಕಾಣುವುದೇ ಇಲ್ಲ, ಮಗುವಿನ ಮೈಮೇಲೆ ಗಾಯವಿಲ್ಲ, ಇವೇ ಕಾರಣ. ಮೂವತ್ತೊಂದು ಪುಟದ ತೀರ್ಪಿನಲ್ಲಿ ಫೋನಿನ ಸುದ್ದಿ ಒಂದು ಸಾಲೂ ಇರಲಿಲ್ಲ. ಆ ಪ್ರಶ್ನೆ ಯಾರಿಗೂ ಬೇಕಾಗಿರಲಿಲ್ಲ.

ಮೇಲ್ಮನವಿಯ ಗಡುವು ಮುಗಿಯುವವರೆಗೆ ಕಾದು, ಆಕೆಯ ಹೇಳಿಕೆಯ ನಕಲು ಹಿಡಿದು ಆ ಹಳ್ಳಿಗೆ ಹೋದೆ. ರತ್ನಮ್ಮ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಒಳಗಿನಿಂದ ಆಕೆಯ ಅತ್ತೆ ನನ್ನನ್ನು ಗುರುತು ಹಿಡಿದರು. "ಫೋನು ಫೋನು ಅಂತ ಮಗೀನ ಕಳ್ಕೊಂಡ್ಳು. ಲಾಯ್ರು ಸುಮ್‌ಸುಮ್ನೆ ಅಂತಾರಾ, ಕೋರ್ಟ್ನಾಗೇ ಏಳವ್ರಲ್ಲ!"

ಗೋಡೆಯ ಗೂಡಿನಲ್ಲಿ ಒಂದು ಫೋನು ಧೂಳು ಹಿಡಿದು ಬಿದ್ದಿತ್ತು.

ಅತ್ತೆಗೂ ಕೇಳಲೆಂದು ಗಟ್ಟಿಯಾಗಿಯೇ ಹೇಳಿದೆ. "ಅದು ಯಾವ ಕಾಗದದಲ್ಲೂ ಇರಲಿಲ್ಲಮ್ಮ. ನಾನೇ ಕಟ್ಟಿ ಕೇಳಿದ ಮಾತು. ತಪ್ಪಾಯಿತು."

ರತ್ನಮ್ಮ ಕೈಯಲ್ಲಿದ್ದ ಹುಣಸೆಹಣ್ಣನ್ನು ಪಕ್ಕಕ್ಕಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: "ಅಂಗಾರೆ, ನಾನು ಫೋನಲ್ಲಿರ್ಲಿಲ್ವಾ ಸಾರ್?"

ಊರೆಲ್ಲ ಹೇಳಿ ಹೇಳಿ ಆಕೆಯೇ ನಂಬಿಬಿಟ್ಟಿದ್ದರು. ನಕಲು ಬಿಚ್ಚಿ ಆಕೆಯದೇ ಮಾತನ್ನು ಓದಿದೆ: ರಾಗಿ ಕೇರುತ್ತಿದ್ದೆ, ಮಗು ಪಕ್ಕದಲ್ಲೇ ಆಡುತ್ತಿತ್ತು. "ಇನ್ನೊಂದ್ಸಲ ಓದಿ" ಎಂದರು. ಮೂರು ಸಲ ಓದಿಸಿಕೊಂಡರು. ಕಾಗದ ಇಸಿದುಕೊಂಡು ಮಡಚಿ, "ಇದ್ನ ಅವತ್ತೇ ಏಳ್ಬೇಕಿತ್ತು ನೀವು" ಎಂದು ಒಳಗೆ ಹೋದರು. ಕ್ಷಮಿಸಿದೆ ಎನ್ನಲಿಲ್ಲ. ಅದನ್ನು ನಾನು ನಿರೀಕ್ಷಿಸಲೂಬಾರದು.

ಮನೆಗೆ ಬಂದು ಚಪ್ಪಡಿಗಳನ್ನು ಸರಿಸಿದೆ. ವೃತ್ತಿ ಬಿಡಲಿಲ್ಲ, ಈರಣ್ಣನಂಥವರಿಗೆ ಯಾರಾದರೂ ಬೇಕಲ್ಲ. ಡಾಕ್ಟರು ಹೇಳಿದ ನಡಿಗೆಯೂ ನಿಂತಿಲ್ಲ. ಅದಕ್ಕೆ ಇನ್ನೊಂದು ಅಭ್ಯಾಸ ಸೇರಿದೆ. ಪಾಟೀಸವಾಲಿಗೆ ಬರೆದುಕೊಂಡ ಪ್ರತಿ ಪ್ರಶ್ನೆಯ ಪಕ್ಕದಲ್ಲಿ, ಅದು ಯಾವ ಕಾಗದದಲ್ಲಿದೆ ಎಂದು ಪುಟಸಂಖ್ಯೆ ಹಾಕುತ್ತೇನೆ. ಸಂಖ್ಯೆ ಸಿಗದ ಪ್ರಶ್ನೆಯನ್ನು ಹೊಡೆದುಹಾಕುತ್ತೇನೆ.